ರುದ್ರೇಶನಿಗೆ ಕಳಿಸಿದ ಚಿಪ್ಪು

ಉಂಡೆ ಕೊಬ್ಬರಿಯ ಚಿಪ್ಪು ಬಿಡಿಸುವುದರಲ್ಲಿ ಬಿಳಿಗೆರೆಯಲ್ಲಿ ನನ್ನ ಕೈಗೆ ಹೆಸರಿತ್ತು. ಅದಕ್ಕೇ ನನ್ನ ತಮ್ಮ ರುದ್ರೇಶ ಪ್ರಯೋಗಕ್ಕೆ ಚಿಪ್ಪು ಬೇಕೆಂದು ನನ್ನನ್ನು ಕೇಳಿದ್ದು. ಅವನು ಆಗ ಮೈಸೂರಿನಲ್ಲಿ ವಿಜ್ಞಾನಿ. ಯಾವ ವಸ್ತುವಿನಲ್ಲಿ ಎಷ್ಟು ಕಾಂತಶಕ್ತಿ ಇದೆ ಎಂದು ಅಳೆಯುವುದೇ ಇಪ್ಪತ್ತು ವರ್ಷದಿಂದ ಅವನ ಕೆಲಸವಾಗಿತ್ತು.

೨೦೦೨ರಲ್ಲಿ ನಾನು ಕಳಿಸಿದ ಚಿಪ್ಪನ್ನು ಸುಟ್ಟು ಇದ್ದಿಲು ಮಾಡಿ ಅಳೆದ. ಬರೀ ಇದ್ದಿಲು ಅಯಸ್ಕಾಂತಕ್ಕೆ ಅಂಟುವುದಿಲ್ಲವಂತೆ, ಇದು ಅಂಟಿತು. ಅವನ ಲೇಖನ ಅಚ್ಚಾಯಿತು, ಹೊರದೇಶದವರು ಕರೆದು ಮಾತಾಡಿಸಿದರು. ಎರಡು ವರ್ಷದ ಮೇಲೆ ಬೇರೆ ಮೂರು ಕಡೆ ತಮ್ಮಲ್ಲಿನ ಚಿಪ್ಪು ಸುಟ್ಟು ಅಳೆದವರಿಗೆ ಏನೂ ಸಿಗಲಿಲ್ಲ. ರುದ್ರೇಶ ಸುಳ್ಳು ಅಂಕಿ ಬರೆದಿದ್ದಾನೆ ಎಂದರು. ಒಂದು ತಿಂಗಳಲ್ಲಿ ಮತ್ತೆ ಅಳೆದು ತೋರಿಸದಿದ್ದರೆ ಅವನ ಪ್ರಯೋಗಾಲಯ ಹೋಗುತ್ತಿತ್ತು.

ಊರಿಗೆ ಓಡಿ ಬಂದ. "ಅಕ್ಕ, ಇನ್ನಷ್ಟು ಚಿಪ್ಪು ಬೇಕು. ನೀನೇ ಬಿಡಿಸ್ಕೊಡು."

"ನಾನಲ್ದೆ ಇನ್ಯಾರ್ಲಾ? ನಿಂಗೇ ಅಂತ ಬೇರೆ ಮಚ್ಚು ಮಡಗಿವ್ನಿ."

ಕಾಯಿ ಒಣಗಿಸುವ ಅಟ್ಟದ ಕೆಳಗೆ ಕೂತೆ. ಒಂದು ಕಾಯಿ ಬಿಡಿಸಿದೆ. ಮಚ್ಚು ಮಸೆದೆ. ಅಲಗನ್ನು ಮುಂದಿನ ಕಾಯಿಯ ಚಿಪ್ಪಿಗೆ ಎರಡೂ ಮಗ್ಗುಲು ಒರೆಸಿದೆ. ಸೀರೆಗೆ ಒರೆಸಿದರೆ ಕರೆಯಾಗುತ್ತದೆಂದು ನಾವೆಲ್ಲ ಹಾಗೇ ಮಾಡುವುದು.

"ತಡಿ ಅಕ್ಕ. ಪ್ರತಿ ಕಾಯಿಗೂ ಮಸೀತೀಯಾ?"

"ಮಾರೋ ಕಾಯಿಗೆ ದಿನಕ್ಕೆರಡು ಸಲ. ನಿನ್ ಕಾಯಿಗೆ ಒಂದೊಂದ್ಕೂ. ಚಿಪ್ಪು ನೀಟಾಗಿ ಬರ್ಲಿ ಅಂತ ಕಣಪ್ಪ."

ಅವನು ಚೀಲದಿಂದ ಅಯಸ್ಕಾಂತ ತೆಗೆದು ಮಸೆಗಲ್ಲಿನ ಬುಡದಲ್ಲಿ ಆಡಿಸಿದ. ಕಪ್ಪು ಪುಡಿ ಮುಳ್ಳಿನ ಹಾಗೆ ಎದ್ದು ಅದರ ಮೈಗೆ ಕೂತಿತು. ಅಂಟಿದ್ದು ಇದ್ದಿಲಲ್ಲ, ನಾನು ಚಿಪ್ಪಿಗೆ ಒರೆಸಿದ ಮಚ್ಚಿನ ಕಬ್ಬಿಣ ಎಂದು ನನಗೂ ತಿಳಿಯಿತು.

"ತೊಳೀಲಿಲ್ವೇನ್ಲಾ?"

"ಆಸಿಡ್‌ನಲ್ಲಿ ತೊಳ್ದಿದ್ದೆ. ಬಿರುಕಿಗೆ ಇಳಿದಿದ್ದು ಹೋಗಿಲ್ಲ. ಬೇರೆಯವರ ಚಿಪ್ಪೂ ತರಿಸಿ ನೋಡ್ಬೇಕಿತ್ತು. ನಮ್ಮನೇದು, ನಮ್ಮಕ್ಕ ಬಿಡಿಸಿದ್ದು ಅಂತ ಸುಮ್ಕಾದೆ."

"ಮಸೆದೇ ಕಳಿಸ್ತೀನಿ, ತಗೊಂಡೋಗಿ ತೋರ್ಸು. ಅಂಟ್ತದಲ್ಲ, ಅಷ್ಟೇ ತಾನೆ ಅವರಿಗೆ ಬೇಕಾಗಿರೋದು?"

ಅವನು ನನ್ನ ಮುಖವನ್ನೇ ನೋಡಿದ. "ಕಲ್ಲಲ್ಲಿ ಒಡೆದು ಕೊಡಕ್ಕ" ಎಂದ.

ಇಪ್ಪತ್ತು ಕಾಯಿ ಕಲ್ಲಿನಿಂದಲೇ ಜಜ್ಜಿದೆ. ಕೊಬ್ಬರಿಯೆಲ್ಲ ಚೂರಾಯಿತು. ವಾರದ ಮೇಲೆ ಫೋನ್ ಮಾಡಿದ: "ಏನೂ ಇಲ್ಲಕ್ಕ, ಈ ಇದ್ದಿಲು ಅಂಟ್ತಿಲ್ಲ." ಲೇಖನವನ್ನು ತಾನೇ ವಾಪಸ್ ತಗೊಂಡ. ಸುಳ್ಳುಗಾರ ಎನ್ನುವುದು ನಿಂತಿತು, ದಡ್ಡ ಎನ್ನುವುದು ಶುರುವಾಯಿತು. ಪ್ರಯೋಗಾಲಯ ಬೇರೆಯವರ ಪಾಲಾಯಿತು. ಈಗ ಮೊದಲ ವರ್ಷದ ಹುಡುಗರಿಗೆ ಪಾಠ ಹೇಳುತ್ತಾನೆ, ಅಷ್ಟೇ.

ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಹಬ್ಬಕ್ಕೆ ಬಂದಾಗ ನಾನು ಮಚ್ಚು ಮಸೆಯುವ ಸದ್ದು ಕೇಳಿದರೆ ಎದ್ದು ತೋಟದ ಕಡೆ ಹೋಗುತ್ತಿದ್ದ. ಈಗ ಅವನಿರುವ ಎರಡು ದಿನ ನಾನು ಮಚ್ಚನ್ನು ಮುಟ್ಟುವುದೇ ಇಲ್ಲ.