ಅಣ್ಣನ ಹಣೆಗೆ ಬೆವರು

ಬ್ಯೂಟಿ ಪಾರ್ಲರಿನ ಅಕ್ಕ ಮೊದಲೆಲ್ಲ ಅಪ್ಪ ಹೇಳಿದ ಪಕ್ಷಕ್ಕೇ ಓಟು ಹಾಕುತ್ತಿದ್ದಳು. ಆ ಪಕ್ಷದ ಕಾಲದಲ್ಲೇ ಅವಳ ಗಂಡ ದುಡಿಯುತ್ತಿದ್ದ ಬಟ್ಟೆ ಗಿರಣಿಗೆ ಬೀಗ ಬಿತ್ತು. ಸಿಟ್ಟಿನಲ್ಲಿ ಇನ್ನೊಂದು ಪಕ್ಷಕ್ಕೆ ಓಟು ಒತ್ತಿದಳು. ಅವರು ಗೆದ್ದ ಮೇಲೆ ಗಿರಣಿಯ ದಾರಿಯನ್ನೇ ಮರೆತರು. ಹೀಗೆ ಎರಡೂ ಕಡೆ ಏಟು ತಿಂದವಳಿಗೆ ಹೊಸ ನಾಯಕನೊಬ್ಬ ಸಿಕ್ಕಿದ. ಊರಿಗೆಲ್ಲ ಅವನು ‘ಅಣ್ಣ’. “ನಾನೂ ನಿಮ್ಮ ಹಾಗೆ ಬೆವರು ಸುರಿಸಿ ಬಂದವನು!” ಎಂದು ಅವನು ಗುಡುಗಿದರೆ ಅಕ್ಕನಿಗೆ ಮೈ ಜುಮ್ಮೆನ್ನುತ್ತಿತ್ತು.

ಗಿರಣಿಯ ಗೇಟಿನೆದುರು ಅಣ್ಣನ ಸಭೆ. ಮೇಕಪ್ಪಿಗೆ ಅಕ್ಕನಿಗೇ ಕರೆ ಬಂತು. ವೇದಿಕೆಯ ಹಿಂದೆ, ಏಸಿ ಹಾಕಿದ ವ್ಯಾನಿನಲ್ಲಿ ಅವನು ಕಾಲು ಚಾಚಿ ಕೂತಿದ್ದ.

“ಪೌಡರು ಗೀಡರು ಬೇಡಮ್ಮ. ಕಣ್ಣ ಕೆಳಗೆ ಕಪ್ಪು ಹಚ್ಚು, ಹಣೆ ಮೇಲೆ ಬೆವರು ಹಾಕು. ಈಗಷ್ಟೇ ಕೆಲಸ ಮುಗಿಸಿ ಬಂದ ಹಾಗೆ ಕಾಣ್ಬೇಕು.”

ತಮಾಷೆಯೆಂದು ಅಕ್ಕ ನಕ್ಕಳು. ಅವನು ನಗಲಿಲ್ಲ. ಕಪ್ಪು ಹಚ್ಚುತ್ತಾ ಮೆಲ್ಲಗೆ ಕೇಳಿದಳು, “ಗಿರಣಿ ಯಾವಾಗ ತೆಗೆಸ್ತೀರಣ್ಣ?”

“ಅದು ಗುಜರಿಗೆ ಹೋಗೋ ಮಾಲಮ್ಮ. ಜನಕ್ಕೆ ಬೇಕಾಗಿರೋದು ಗಿರಣಿ ಅಲ್ಲ, ಬೈಯೋಕೆ ಒಬ್ಬ. ನಾನು ಬೈತೀನಿ, ಅವರು ಚಪ್ಪಾಳೆ ಹೊಡೀತಾರೆ. ಬೇಗ ಬೆವರು ಹಾಕು.”

ತಲೆತುಂಬ ಹತ್ತಿಯ ಎಳೆ ಮೆತ್ತಿಕೊಂಡು, ಕೆಮ್ಮುತ್ತಾ ಮನೆಗೆ ಬರುತ್ತಿದ್ದ ಗಂಡ ಅವಳ ಕಣ್ಣಿಗೆ ಕಟ್ಟಿದ. ನೀರು ಚಿಮುಕಿಸುವ ಬಾಟಲಿಯನ್ನು ಪೆಟ್ಟಿಗೆಗೆ ಹಾಕಿ ಎದ್ದುಬಿಟ್ಟಳು.

“ಹೋಗಿ ನಾಲ್ಕು ಮೂಟೆ ಹೊರಿ. ತಾನಾಗೇ ಬರುತ್ತೆ.”

ಹೊರಗೆ ಬಂದು ಕೇಳಿದ್ದನ್ನೆಲ್ಲ ಗಂಟಲು ಹರಿಯುವಂತೆ ಜನರಿಗೆ ಹೇಳಿದಳು. “ಎಷ್ಟಕ್ಕೆ ಮಾರ್ಕೊಂಡೆ?” ಎಂದು ಅವಳನ್ನೇ ಬೈದವರು ಹೆಚ್ಚು. ಗಿರಣಿಯ ಕೆಲವು ಹಳೆಯ ಕೆಲಸಗಾರರು ಮಾತ್ರ ಸಭೆಯಿಂದ ಎದ್ದು ಅವಳ ಜೊತೆ ಬಂದರು. ಬೆಳಗಾಗುವಷ್ಟರಲ್ಲಿ ಪಾರ್ಲರಿನ ಗಾಜು ಪುಡಿಪುಡಿ.

ಸುದ್ದಿ ತಿಳಿದದ್ದೇ ತಡ, ಎರಡೂ ಹಳೆಯ ಪಕ್ಷದವರು ಒಬ್ಬರ ಹಿಂದೊಬ್ಬರು ಓಡಿ ಬಂದರು. “ಅಕ್ಕಾ, ಇದನ್ನೇ ಕ್ಯಾಮೆರಾ ಮುಂದೆ ಒಂದ್ಸಲ ಹೇಳಿಬಿಡಿ.”

“ಹೇಳ್ತೀನಿ. ಗಿರಣಿಗೆ ಬೀಗ ಜಡಿದಿದ್ದು ಯಾರು, ಆಮೇಲೆ ಮುಖ ತಿರುಗಿಸಿದ್ದು ಯಾರು, ಅಲ್ಲಿಂದ್ಲೇ ಶುರು ಮಾಡ್ತೀನಿ. ಆಗಬಹುದಾ?”

ಬಂದವರು ಕ್ಯಾಮೆರಾ ಮಡಚಿಕೊಂಡು ಜಾಗ ಖಾಲಿ ಮಾಡಿದರು.

“ಮೂರೂ ಕಡೆಯವರನ್ನ ಎದುರು ಹಾಕ್ಕೊಂಡ್ಯಲ್ಲೇ,” ಎಂದ ಗಂಡ. “ಇನ್ನು ಓಟು ಯಾರಿಗೆ?”

“ಅದು ನಂಗೂ ಗೊತ್ತಿಲ್ಲ ರೀ. ಆದ್ರೆ ಇನ್ಮೇಲೆ ಕೇಳೋಕೆ ಬಂದವರು ನಮ್ಮೆದುರು ಕೂತು ಉತ್ತರ ಕೊಟ್ಟೇ ಹೋಗ್ಬೇಕು. ಏಳಿ, ಈ ಬೆಂಚಿನ ಆ ತುದಿ ಹಿಡ್ಕೊಳ್ಳಿ.”

ಇಬ್ಬರೂ ಪಾರ್ಲರಿನ ಬೆಂಚನ್ನು ಹೊತ್ತು ಗಿರಣಿಯ ಗೇಟಿನೆದುರು ಹಾಕಿದರು. ಸಂಜೆಯ ಹೊತ್ತಿಗೆ ಉತ್ತರ ಕೇಳಲು ಬಂದ ಊರವರು ತುಂಬಿ, ಅದರ ಮೇಲೆ ಕೂರಲು ಜಾಗವಿರಲಿಲ್ಲ.