ಮಣೆಯ ಮೇಲಿನ ವೈರು

ಮನೆಗೆ ಒಂದೇ ಗಾಡಿ, ಅದು ಯಾವುದಾಗಬೇಕು ಎಂದು ನಮ್ಮ ಮನೆಯ ಗಂಡಸರಿಬ್ಬರು ತಿಂಗಳುಗಟ್ಟಲೆ ಜಗಳಾಡಿದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ನನ್ನ ಗಂಡ ಶಂಭುಲಿಂಗ ಹತ್ತಿ ವ್ಯಾಪಾರಿ. ಅವರಿಗೆ ಬ್ಯಾಟರಿಯ ಮೇಲೆ ಓಡುವ ದೊಡ್ಡ ಎಸ್‌ಯುವಿ ಬೇಕು: ನೆತ್ತಿಯ ಮೇಲೆ ಗಾಜಿನ ಮಾಡು, ಮುಂದೆ ಟಿವಿಯಂಥ ಪರದೆ, ಪೇಟೆಯಲ್ಲಿ ನಾಲ್ಕು ಜನ ತಿರುಗಿ ನೋಡಬೇಕು. ಮಾವ ಗುರುಸಿದ್ದಯ್ಯನವರಿಗೆ ಡೀಸೆಲ್ಲೇ ಆಗಬೇಕು, ಅದೂ ಕೈಯಲ್ಲಿ ಗೇರು ಇರುವಂಥದ್ದು. ಶಿರಗುಪ್ಪಿಯ ನಮ್ಮ ಹೊಲದ ದಾರಿ ಎರೆ ಮಣ್ಣಿನದು, ಅಲ್ಲಿ ಗೇರಿಲ್ಲದ ಗಾಡಿ ಗಾಡಿಯೇ ಅಲ್ಲ ಎಂಬುದು ಅವರ ವಾದ. "ಮೂಗಿಗಿಂತ ಮೂಗುತಿ ಭಾರ ಆತು" ಎಂದು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದರು. ನನ್ನನ್ನು ಇಬ್ಬರೂ ಕೇಳಲಿಲ್ಲ. ಚಹಾ ಬೇಕೇ ಎಂದು ನಾನೇ ಅವರನ್ನು ಕೇಳುತ್ತಿದ್ದೆ.

ಕೇಳಿದ್ದರೆ ಹೇಳುತ್ತಿದ್ದೆ. ಸಣ್ಣವಳಿದ್ದಾಗ ಪೋಲಿಯೊ ಬಂದು ನನ್ನ ಎಡಗಾಲು ಸೊರಗಿದೆ. ನಡೆಯುತ್ತೇನೆ, ಆದರೆ ಕ್ಲಚ್ ಒತ್ತುವ ಕಸುವು ಅದಕ್ಕಿಲ್ಲ. ಗೆಳತಿ ಹಾಜರಾಬಿ ತನ್ನ ಗೇರಿಲ್ಲದ ಕಾರಿನಲ್ಲಿ ನನಗೆ ಕಲಿಸಿ, ಲೈಸೆನ್ಸನ್ನೂ ಮಾಡಿಸಿದ್ದಳು. ಗಂಡನಿಗೆ ಅದು ಗೊತ್ತು. "ಛಲೋ ಆತು" ಎಂದು ಮರೆತುಬಿಟ್ಟಿದ್ದರು. ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ನನಗೆ ಕೆಲಸ. ರಾಯಾಪುರದ ನಮ್ಮ ಮನೆಯಿಂದ ಬಸ್ಸಿದೆ, ನಿಜ, ಆದರೆ ಬಸ್ಸಿಳಿದ ಮೇಲಿನ ತಗ್ಗು ದಿನ್ನೆಯ ದಾರಿಯನ್ನು ನಡೆಯಬೇಕಾದವಳು ನಾನು. ಮಳೆಯ ದಿನ ಗಂಡ ಪುರುಸೊತ್ತಾದಾಗ ಬಂದು ಕರೆದೊಯ್ಯುತ್ತಾರೆ, ಅಲ್ಲಿಯವರೆಗೆ ಗೇಟಿನಲ್ಲಿ ಕಾವಲುಗಾರನ ಸ್ಟೂಲಿನ ಮೇಲೆ ಕೂತಿರಬೇಕು. ಬ್ಯಾಟರಿ ಗಾಡಿಗೆ ಕ್ಲಚ್ಚಿಲ್ಲ. ಅದು ಬಂದರೆ ನಾನು ಯಾರ ಪುರುಸೊತ್ತಿಗೂ ಕಾಯಬೇಕಿಲ್ಲ. ಗೇರಿನ ಡೀಸೆಲ್ ಬಂದರೆ ಆ ಸ್ಟೂಲೇ ಗತಿ. ಇದನ್ನು ಬಾಯಿಬಿಟ್ಟು ಹೇಳಿದರೆ ಕಾಲಿನ ಮೇಲೆ ಕನಿಕರ ತೋರಿಸುತ್ತಾರೆಂದು ನನಗೆ ಸಿಟ್ಟು, ಹೇಳದಿದ್ದರೂ ತಿಳಿಯಲಿಲ್ಲವಲ್ಲ ಎಂದು ಇನ್ನೂ ಸಿಟ್ಟು.

ಹಳೆಯ ಗಾಡಿ ಮಾರಿಯಾಗಿತ್ತು. ಶೋರೂಮಿನವರು ಪರಿಚಯದ ಮೇಲೆ, ದಸರಾ ಮುಗಿಯುವವರೆಗೆ ಓಡಿಸಿ ನೋಡಿರೆಂದು ಬ್ಯಾಟರಿ ಗಾಡಿಯೊಂದನ್ನು ಬಿಟ್ಟು ಹೋದರು. ಮಾವ ಅದರ ಸುತ್ತ ಒಂದು ಸಲ ತಿರುಗಿ, ತಮ್ಮ ಶರತ್ತು ಹೇಳಿದರು.

"ದಶಮಿ ದಿನ ಶಿರಗುಪ್ಪಿಗೆ ಬನ್ನಿಗೆ ಹೋಗೂದೈತಿ. ಹೋಗಿ, ತಿರುಗಿ, ತನ್ನ ಕಾಲ ಮ್ಯಾಲ ಹುಬ್ಬಳ್ಳಿ ಮುಟ್ಟಲಿ. ಮುಟ್ಟಿತು, ನಾ ಒಂದ ಮಾತು ಆಡಂಗಿಲ್ಲ. ನಡುದಾರ್ಯಾಗ ನಿಂತಿತು, ಡೀಸೆಲ್ಲ."

"ಆತಪ್ಪಾ" ಎಂದರು ನನ್ನ ಗಂಡ.

ಅಷ್ಟಮಿಯ ದಿನವೆಲ್ಲ ನನ್ನ ಗಂಡ ಧಾರವಾಡದ ಬೀಗರು, ನೆಂಟರು, ಪೇಟೆಯ ಗೆಳೆಯರನ್ನೆಲ್ಲ ಕೂರಿಸಿಕೊಂಡು ಮೆರೆದು ಬ್ಯಾಟರಿಯನ್ನು ತಳಕ್ಕಿಳಿಸಿ ತಂದರು. ನವಮಿಯ ಬೆಳಿಗ್ಗೆ ನಾನೇ ಎದ್ದು ಗಾಡಿಯ ವೈರನ್ನು ಮನೆಯ ಪ್ಲಗ್ಗಿಗೆ ಸಿಕ್ಕಿಸಿದೆ. ಮನೆಯ ಕರೆಂಟಿನಲ್ಲಿ ಅದು ನಿಧಾನ, ಹಗಲೂ ರಾತ್ರಿ ಹಚ್ಚಿಟ್ಟರೆ ದಶಮಿಗೆ ತುಂಬಿರುತ್ತದೆ ಎಂದುಕೊಂಡು ಹೋಳಿಗೆಯ ಹೂರಣಕ್ಕೆ ಕೂತೆ.

ಅಂದು ಖಂಡೇಪೂಜೆ. ತಕ್ಕಡಿ, ಕುಡಗೋಲು, ಈಳಿಗೆ, ಕತ್ತರಿ, ಮನೆಯಲ್ಲಿ ಏನೇನು ದುಡಿಯುತ್ತದೋ ಅದನ್ನೆಲ್ಲ ಮಣೆಯ ಮೇಲಿಟ್ಟು ಪೂಜಿಸುತ್ತೇವೆ. ಪೂಜೆಯಾದ ಮೇಲೆ ಮರುದಿನ ಬನ್ನಿ ಹಂಚಿಕೊಳ್ಳುವವರೆಗೆ ಅವನ್ನು ಮುಟ್ಟುವಂತಿಲ್ಲ. ವರ್ಷವೆಲ್ಲ ದುಡಿದ ಕಬ್ಬಿಣಕ್ಕೆ ಅದೊಂದು ದಿನ ರಜೆ. ಪೂಜೆಯ ಗಂಟೆ ಕೇಳಿ ಪಡಸಾಲೆಗೆ ಬಂದವಳು ಅಲ್ಲಿಯೇ ನಿಂತುಬಿಟ್ಟೆ. ತಕ್ಕಡಿ ಮತ್ತು ಈಳಿಗೆಯ ನಡುವೆ, ಮೈಗೆಲ್ಲ ವಿಭೂತಿ ಕುಂಕುಮ ಹಚ್ಚಿಸಿಕೊಂಡು, ಚೆಂಡು ಹೂ ಮುಡಿದು, ಸುರುಳಿಯಾಗಿ ಕೂತಿತ್ತು ಗಾಡಿಯ ವೈರು.

"ಮಾವಾರ, ಅದನ್ಯಾಕ ತಗದ್ರಿ?"

"ಗಾಡಿಗೆ ಉಣಸೂದು ಅದ ಅಲ್ಲೇನು? ಅದೂ ಆಯುಧನ. ಗಾಡಿ ಪೂಜಾ ಮಾಡಿ ಅದನ್ನ ಬಿಡಬೇಕೇನು?"

"ಇನ್ನೂ ಚಾರ್ಜ ಆಗಿಲ್ಲರಿ. ನಾಳೆ ಬನ್ನಿಗೆ ಹೋಗೂದು…"

ಅತ್ತೆ ಸಂಗವ್ವ ಆರತಿ ಹಿಡಿದು ಅಡ್ಡ ನಿಂತರು. "ಪೂಜಾ ಆದದ್ದನ್ನ ಎಬ್ಬಸ್ತಾರೇನು ದಾಕ್ಷಾಯಿಣಿ? ಬನ್ನಿ ಮುಡಿಯೂತನಾ ಸುಮ್ಮನಿರು."

"ಹಂಗಾದ್ರ ಗಾಡೀನೂ ಹೋಗಬಾರದಲ್ರಿ?"

"ಗಾಡಿ ಹೋಗತೈತಿ. ಸೀಮಿ ದಾಟಾಕ ಮೊದಲಿಂದ ಚಕ್ಕಡಿ ಹೋಗಿಲ್ಲೇನು?" ಎಂದರು ಮಾವ. ಅದರಲ್ಲಿ ಕುಹಕವಿರಲಿಲ್ಲ, ಅವರು ನಿಜವಾಗಿಯೂ ಹಾಗೆಯೇ ನಂಬಿದ್ದರು. ಗಂಡನ ಕಡೆ ನೋಡಿದೆ. ಅವರು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ, "ನಾಳೆ ಹುಬ್ಬಳ್ಳ್ಯಾಗ ಪಂಪಿನ್ಯಾಗ ಹಾಕ್ಕೊಂಡ್ರಾತು, ಏನಾಗತೈತಿ" ಎಂದರು. ಅಷ್ಟಾದರೆ ಸಾಕೆಂದು ನಾನು ಹೂರಣದ ಕಡೆ ಹೋದೆ.

ದಶಮಿಯ ಮಧ್ಯಾಹ್ನ ಹೊರಟಾಗ ಪರದೆಯ ಮೇಲೆ ಹದಿಮೂರು ಎಂದಿತ್ತು. ನೂರಕ್ಕೆ ಹದಿಮೂರು. ಗಂಡ ಸ್ಟಿಯರಿಂಗಿನ ಮುಂದೆ, ಪಕ್ಕದಲ್ಲಿ ಮಾವ, ಹಿಂದೆ ಅತ್ತೆ ಮತ್ತು ನಾನು. ಹುಬ್ಬಳ್ಳಿ ದಾಟುವಲ್ಲಿ, ಗದಗ ರಸ್ತೆಯ ಪಂಪಿಗೆ ಗಾಡಿ ತಿರುಗಿಸಿದರು. ಚಾರ್ಜಿನ ಮಷಿನ್ನಿಗೆ ಎರಡೂ ಬದಿಗೆ ಬಾಳೆಕಂಬ ಕಟ್ಟಿತ್ತು. ಮೊಳಗಟ್ಟಲೆ ಚೆಂಡು ಹೂವಿನ ಮಾಲೆ, ಮುಂದೆ ಒಡೆದ ಕುಂಬಳಕಾಯಿ. ಪಂಪಿನ ಮ್ಯಾನೇಜರ್ ಕಮರುದ್ದೀನ ಓಡಿ ಬಂದರು.

"ಅದನ್ನ ಮುಟ್ಟಬ್ಯಾಡ್ರಿ ಸಾಹುಕಾರ. ನಮ್ಮ ಮಾಲಕರು ಪೂಜಾ ಮಾಡ್ಯಾರ. ಬನ್ನಿ ಮುಡಿಯೂತನಾ ಚಾಲೂ ಮಾಡಬ್ಯಾಡ ಅಂದಾರ."

"ಮತ್ತ ಆ ಕಡೆ ಡೀಸೆಲ್ ಹಾಕಾಕತ್ತೀರಿ?"

"ಅದಕ್ಕ ಗಿರಾಕಿ ಭಾಳ್ರಿ. ಬಂದ್ ಮಾಡಿದ್ರ ಹೊಳ್ಳಿ ಹೋಗ್ತಾರ."

"ಕೇಳಿದೇನು ಶಂಭು?" ಎಂದರು ಮಾವ, ಮೀಸೆಯಲ್ಲಿಯೇ ನಗುತ್ತ. ಇನ್ನೊಂದು ಚಾರ್ಜಿನ ಜಾಗ ಊರಿನ ಆ ತುದಿಗೆ. ಅಲ್ಲಿಗೆ ಹೋದರೆ ಬನ್ನಿಯ ಹೊತ್ತು ಮೀರುತ್ತದೆ. ಗಂಡನಿಗೆ ರೋಷ ಬಂತು. "ಶಿರಗುಪ್ಪ್ಯಾಗ ಬಸವಕಿರಣನ ಮನ್ಯಾಗ ಪ್ಲಗ್ ಇಲ್ಲೇನು? ಅಲ್ಲೇ ಹಚ್ಚಿದ್ರಾತು" ಎಂದು ಗಾಡಿಯನ್ನು ಜೋರಾಗಿ ಎಬ್ಬಿಸಿದರು. ಬಸವಕಿರಣ ನನ್ನ ಗಂಡನ ಚಿಕ್ಕಪ್ಪನ ಮಗ. ಅವನ ಮನೆಯಲ್ಲಿ ಪ್ಲಗ್ ಇತ್ತು, ಕರೆಂಟೂ ಇತ್ತು. ಅವನ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಗಂಡ ಹಿಂಬಾಗಿಲು ತೆಗೆದು ತಡಕಾಡಿದರು.

"ವೈರು ಎಲ್ಲೈತಿ?"

ಅತ್ತೆ ಮೆಲ್ಲಗೆ, "ಮಣಿ ಮ್ಯಾಲ ಐತೆಲ್ಲೋ. ಇನ್ನೂ ಪೂಜಾ ಇಳಿಸಿಲ್ಲಲ್ಲ" ಎಂದರು.

ನಾನಾದರೂ ನೆನಪಿಸಬೇಕಿತ್ತು. ಪಂಪಿನಲ್ಲಿ ತುಂಬಿಸಿಕೊಳ್ಳುತ್ತೇವೆಂದು ನಾನೂ ವೈರನ್ನು ಮರೆತಿದ್ದೆ. ಬೈಯಲು ಬೇರೆ ಯಾರೂ ಸಿಗದೆ ನನ್ನನ್ನೇ ಬೈದುಕೊಂಡೆ.

ಬನ್ನಿ ಮರ ಹೊಲದ ಬದುವಿನಲ್ಲಿತ್ತು. ಹಿಂದಿನ ದಿನದ ಮಳೆಗೆ ಎರೆ ಮಣ್ಣು ಹಸಿಯಾಗಿತ್ತು. ಇಳಿದು ನಡೆಯೋಣ ಎಂದೆ. "ಗಾಡಿ ಪರೀಕ್ಷಾ ಆಗೇಬಿಡ್ಲಿ" ಎಂದು ಗಂಡ ದಾರಿಗಿಳಿಸಿಯೇಬಿಟ್ಟರು. ಹೋಗುವಾಗ ಹೋಯಿತು. ಪೂಜೆಯಾಗಿ, ಮಾವ ಬನ್ನಿ ಎಲೆಗಳನ್ನು ಹೆಗಲ ಮೇಲಿನ ವಲ್ಲಿಯ ತುದಿಗೆ ಕಟ್ಟಿಕೊಂಡು ಬಂದು ಕೂತ ಮೇಲೆ, ತಿರುಗುವಾಗ ಗಾಲಿ ರಾಡಿಯಲ್ಲಿ ಕೂತಿತು. ಗಂಡ ಒತ್ತಿದರು, ಇನ್ನೂ ಒತ್ತಿದರು. ಗಾಲಿಗಳು ನಿಂತಲ್ಲೇ ಗರಗರ ತಿರುಗಿದವು. ಬಸವಕಿರಣ ನಾಲ್ಕು ಜನರನ್ನು ಕರೆದು ನೂಕಿಸಿ ಡಾಂಬರಿಗೆ ಹತ್ತಿಸುವಷ್ಟರಲ್ಲಿ ಪರದೆಯ ಮೇಲೆ ನಾಲ್ಕು ಉಳಿದಿತ್ತು. ಅದರ ಕೆಳಗೆ ಕೆಂಪು ಅಕ್ಷರ: ಇನ್ನು ಹದಿನೇಳು ಕಿಲೋಮೀಟರ್ ಓಡುತ್ತದೆ. ಪಂಪು ಹದಿನಾರು ಕಿಲೋಮೀಟರ್ ದೂರ.

ಗಂಡ ಬೆವರೊರೆಸಿಕೊಂಡು ಕೆಳಗಿಳಿದರು. "ಇಲ್ಲೇ ಬಿಡೂಣು. ಕಿರಣ ತನ್ನ ಗಾಡ್ಯಾಗ ಮನಿಗೆ ಬಿಡ್ತಾನ. ನಾಳೆ ಶೋರೂಮಿನವ್ರು ಎಳಕೊಂಡು ಹೋಗ್ಲಿ."

ಮಾವ ತಲೆಯಾಡಿಸಿದರು. "ಹಂಗಾದ್ರ ಮಾತು ಮುಗೀತು. ಡೀಸೆಲ್ಲ."

ಆ ಸ್ಟೂಲು ನನ್ನ ಕಣ್ಣ ಮುಂದೆ ಬಂತು. ಒಂದು ಕಾಲು ಗಿಡ್ಡ ಅದಕ್ಕೆ, ಕೂತರೆ ವಾಲುತ್ತದೆ. ನಾನು ಬಾಗಿಲು ತೆಗೆದು ಇಳಿದೆ.

"ರೀ, ಕೀಲಿ ಕೊಡ್ರಿ."

"ನಿನಗೇನು ಹುಚ್ಚು ಹಿಡದೈತೇನು?"

"ಹಿಡದೈತಿ. ಕೊಡ್ರಿ."

ಊರವರು ನೋಡುತ್ತಿದ್ದರು. ಗಂಡ ಕೀಲಿಯನ್ನು ಕೊಡಲಿಲ್ಲ, ನಾನೇ ಅವರ ಕೈಯಿಂದ ಬಿಡಿಸಿಕೊಂಡೆ. ಮಾವ ಇಳಿಯಬಹುದೆಂದು ಕಾದೆ. ಇಳಿಯಲಿಲ್ಲ. ಗಂಡ ಹಿಂದೆ ಹೋಗಿ ಅವ್ವನ ಪಕ್ಕ ಕೂತರು.

ಎಸಿ ಆರಿಸಿದೆ, ಹಾಡು ನಿಲ್ಲಿಸಿದೆ. ನನ್ನ ಗಂಡ ಬೆಲೆಗಾಗಿ ಚೌಕಾಶಿ ಮಾಡುತ್ತಿದ್ದಾಗ ಶೋರೂಮಿನ ಹುಡುಗಿ ಹೇಳಿದ್ದನ್ನೆಲ್ಲ ನಾನೊಬ್ಬಳೇ ಕೇಳಿಸಿಕೊಂಡಿದ್ದೆ: ಒಮ್ಮೆಲೇ ಒತ್ತಬೇಡಿ, ಇಳಿಜಾರಿನಲ್ಲಿ ಕಾಲು ತೆಗೆದರೆ ಗಾಡಿ ತಾನೇ ಒಂದಿಷ್ಟು ತುಂಬಿಕೊಳ್ಳುತ್ತದೆ. ರಸ್ತೆಯ ಎಡ ಅಂಚು ಹಿಡಿದು ಸೈಕಲ್ಲಿಗಿಂತ ಸ್ವಲ್ಪ ಜೋರಾಗಿ ಬಿಟ್ಟೆ. ಲಾರಿಗಳು ಹಾರ್ನ್ ಬಾರಿಸಿ ಬೈಯುತ್ತ ಹೋದವು. ಸೋನೆ ಶುರುವಾಯಿತು. ಎಸಿ ಇಲ್ಲದ್ದಕ್ಕೆ ನಾಲ್ಕು ಜನರ ಉಸಿರು ಗಾಜಿಗೆ ಹತ್ತಿ, ರಸ್ತೆ ಮಸುಕಾಯಿತು. ಒರೆಸಲು ಕೈ ಎತ್ತುವಷ್ಟರಲ್ಲಿ ಮಾವ ವಲ್ಲಿಯ ಗಂಟಿಲ್ಲದ ತುದಿಯಿಂದ ನನ್ನ ಮುಂದಿನ ಗಾಜನ್ನು ಒರೆಸಿದರು. ಮತ್ತೆ ಮಸುಕಾಯಿತು, ಮತ್ತೆ ಒರೆಸಿದರು.

ಪರದೆಯ ಅಂಕಿ ಮೂರಕ್ಕಿಳಿಯಿತು. ಹಿಂದಿನಿಂದ ಅತ್ತೆಯ "ಶಿವಾ, ಶಿವಾ" ಕೇಳುತ್ತಿತ್ತು.

"ಹೊಡಿಯೂದು ಯಾವಾಗ ಕಲ್ತಿ?" ಎಂದರು ಮಾವ.

"ಎರಡ ವರ್ಸಾತ್ರಿ."

"ಹೇಳಲೇ ಇಲ್ಲಲ್ಲ."

"ನೀವು ಕೇಳಲೇ ಇಲ್ಲರಿ."

ಇನ್ನೊಂದು ಸಲ ಗಾಜು ಒರೆಸಿದರು. "ಡೀಸೆಲ್ ತಂದ್ರೂ ಹೊಡಿತಿದ್ದಿ ಹೌದಲ್ಲ?"

"ಇಲ್ಲರಿ. ನೀವು ಹೇಳೂ ಗಾಡಿಗೆ ಕ್ಲಚ್ ಇರ್ತೈತಿ. ಅದನ್ನ ಎಡಗಾಲಿಲೆ ಒತ್ತಬೇಕು." ಇನ್ನು ತಡೆದುಕೊಳ್ಳಲಾಗಲಿಲ್ಲ. "ಈ ಗಾಡಿ ನನಗ ಬೇಕಾಗಿತ್ತರಿ ಮಾವಾರ. ಶೋಕಿಗೆ ಅಲ್ಲ. ಮಳ್ಯಾಗ ಗೇಟಿನ್ಯಾಗ ಕುಂತು ಕುಂತು ಬ್ಯಾಸರಾಗೇತಿ. ಇವ್ರು ಬರೂತನಾ ಹೋಗೂ ಬರೂ ಮಂದಿ ಎಲ್ಲಾ ನನ್ನ ಕಾಲು ನೋಡ್ಕೋತ ಹೋಗ್ತಾರ."

ಹಿಂದೆ ಅತ್ತೆಯ ಶಿವನಾಮ ನಿಂತಿತು. ಮಾವ ಗಾಜು ಒರೆಸುತ್ತಲೇ ಇದ್ದರು.

ಅಂಕಿ ಒಂದಕ್ಕಿಳಿಯಿತು. ಪರದೆಯ ಮೇಲೆ ಆಮೆಯ ಚಿತ್ರವೊಂದು ಬಂದು ಗಾಡಿ ತಾನಾಗಿಯೇ ಇನ್ನಷ್ಟು ನಿಧಾನವಾಯಿತು. ಹುಬ್ಬಳ್ಳಿಯ ದೀಪಗಳು ಕಂಡವು. ಅಂಕಿ ಹೋಗಿ ಬರೀ ಗೆರೆಗಳು ಉಳಿದವು. ಪಂಪಿನ ಮುಂದಿನ ಸಣ್ಣ ಏರಿನಲ್ಲಿ ಗಾಡಿ ನಿಂತೇಬಿಡುತ್ತದೆ ಎಂದು ಹಲ್ಲು ಕಚ್ಚಿ, ನೂಕುವವಳ ಹಾಗೆ ಮುಂದಕ್ಕೆ ಬಾಗಿದೆ. ಅದು ಹತ್ತಿತು. ಬಾಳೆಕಂಬದ ಮುಂದೆ ನಿಲ್ಲಿಸಿದಾಗ ನನ್ನ ಎರಡೂ ಕೈ ಸ್ಟಿಯರಿಂಗಿಗೆ ಅಂಟಿಕೊಂಡಿದ್ದವು.

ಕಮರುದ್ದೀನ ಕೊಡೆ ಹಿಡಿದು ಬಂದರು. "ಮಾಲಕರು ಇನ್ನೂ ಬಂದಿಲ್ರಿ. ಬನ್ನಿ ಆಗೂತನಾ…"

ಮಾವ ಇಳಿದು, ಗಾಡಿಯನ್ನು ಬಳಸಿ ನನ್ನ ಬಾಗಿಲಿಗೆ ಬಂದು, ವಲ್ಲಿಯ ಗಂಟು ಬಿಚ್ಚಿದರು. ನಮ್ಮಲ್ಲಿ ಬನ್ನಿ ಮೊದಲು ಮನೆಯ ದೇವರಿಗೆ. ಆಮೇಲೆ ಚಿಕ್ಕವರು ಹಿರಿಯರಿಗೆ ಕೊಟ್ಟು ಕಾಲಿಗೆರಗಬೇಕು. ಸೊಸೆಯ ಸರದಿ ಬರುವಾಗ ಎಲೆ ಬಾಡಿರುತ್ತದೆ. ಮಾವ ಹಿಡಿ ತುಂಬ ಎಲೆ ತೆಗೆದು ನನ್ನ ಕೈಗೆ ಹಾಕಿದರು.

"ತಗೋ ತಂಗಿ. ಬನ್ನಿ ತಗೊಂಡು ಬಂಗಾರದಂಗ ಇರೂಣು."

"ಅಯ್ಯ, ದೇವರ ಮುಂದ ಇಟ್ಟಿಲ್ಲಲ್ರೀ ಇನ್ನೂ!" ಎಂದರು ಅತ್ತೆ ಹಿಂದಿನಿಂದ.

"ದೇವರಿಗೆ ನಾ ಹೇಳ್ಕೋತೇನಿ." ಎರಡೆಲೆ ಕಮರುದ್ದೀನರಿಗೂ ಕೊಟ್ಟರು. "ತಗೋರಿ ಸಾಹೇಬರ, ಬನ್ನಿ ಆತು. ನಿಮ್ಮ ಮಾಲಕರು ಕೇಳಿದ್ರ ಶಿರಗುಪ್ಪಿ ಗುರುಸಿದ್ದಯ್ಯ ಪೂಜಾ ಇಳಿಸ್ಯಾನ ಅಂತ ಹೇಳ್ರಿ." ಹಾಗೆಂದು ತಾವೇ ಮಾಲೆಯನ್ನು ಎತ್ತಿ ಬದಿಗಿಟ್ಟರು.

ಗಾಡಿ ಉಣ್ಣುವವರೆಗೆ ಪಂಪಿನ ಮಾಡಿನ ಕೆಳಗೆ ನಿಂತು ಚಹಾ ಕುಡಿದೆವು. ಹೊರಡುವ ಹೊತ್ತಿಗೆ ಗಂಡ ಅಭ್ಯಾಸಬಲದಿಂದ ನನ್ನ ಮುಂದೆ ಕೈ ಚಾಚಿದರು. "ಕೀಲಿ."

"ಕೀಲಿ ಆಕೀ ಕಡೇನ ಇರ್ಲಿ" ಎಂದರು ಮಾವ, ಮುಂದಿನ ಬಾಗಿಲು ತೆಗೆಯುತ್ತ. "ನೀ ಹಿಂದ ಕೂಡೋ ಶಂಭು."

ಗಂಡ ಹಿಂದೆ ಕೂತರು. ನಾನು ಎಸಿ ಹಾಕಿ ಗಾಡಿಯನ್ನು ರಸ್ತೆಗಿಳಿಸಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ನನಗೆ ಅಳು ಬಂದು ಎದುರಿನ ದೀಪಗಳೆಲ್ಲ ಒಂದಕ್ಕೊಂದು ಕೂಡಿಕೊಂಡವು. ಗಾಜು ಸ್ವಚ್ಛವಾಗಿಯೇ ಇತ್ತು. ಮಾವ ನನ್ನ ಕಡೆ ತಿರುಗಲಿಲ್ಲ. ಹೆಗಲಿನಿಂದ ವಲ್ಲಿ ತೆಗೆದು, ಇಲ್ಲದ ಮಸುಕನ್ನು ಒರೆಸುತ್ತ ಕೂತರು.