ಹೊರಗೆ ಕೂಡುವ ದಿನಗಳು

ಆದೋನಿ ಸೀಮೆ ಆಂಧ್ರಕ್ಕೆ ಸೇರಿದ ಮರುವರ್ಷದ ಮಾತು. ಪೆದ್ದಹರಿವಾಣದ ಹುಲುಗಮ್ಮ ತಟ್ಟಿದ ಜೋಳದ ರೊಟ್ಟಿ ಹಂಚಿಗೆ ಬೀಳುವ ಮೊದಲೇ ಹರಿಯತೊಡಗಿತು. ಸುಮ್ಮನೆ ಕೂತಾಗಲೂ ಬಲಗೈ ನಡುಗುತ್ತಿತ್ತು. ಗಾಳಿ ಸೋಕಿದೆಯೆಂದು ಅತ್ತೆ ಗುರುಬಸಮ್ಮ ತಾಯತ ಕಟ್ಟಿಸಿದಳು. ಬೇವಿನ ಬರಲಿನಿಂದ ಹೊಡೆಸುವ ಮಾತೂ ಎದ್ದಿತು. ಅದು ಕಿವಿಗೆ ಬಿದ್ದ ದಿನವೇ ಗಂಡ ಗಾದಿಲಿಂಗಪ್ಪ ಬಂಡಿ ಕಟ್ಟಿ ಹೆಂಡತಿಯನ್ನು ಆದೋನಿಯ ಆಸ್ಪತ್ರೆಗೆ ಕರೆತಂದ.

ಡಾಕ್ಟರಮ್ಮ ಹುಲುಗಮ್ಮನ ಕೈ ಮಡಚಿ ನೋಡಿದರು, ನಡೆಸಿ ನೋಡಿದರು. ಆಮೇಲೆ, "ಮುಟ್ಟು ನಿಂತು ಎಷ್ಟು ವರ್ಷ ಆಯ್ತಮ್ಮಾ?" ಎಂದರು.

ಗಾದಿಲಿಂಗಪ್ಪ ಥಟ್ಟನೆ ಎದ್ದ. "ಎತ್ತಿಗೆ ನೀರು ಕುಡಿಸಿ ಬರ್ತೀನ್ರಿ."

"ಎತ್ತು ತಡೀತಾವೆ. ಕೂಡಪ್ಪಾ."

ಕೂತವನು ಜಂತಿ ನೋಡುತ್ತ, "ಆಕಿಗೆ ನಿಂತಿಲ್ರಿ. ಹೋದ ತಿಂಗಳೂ ಹೊರಗ ಕುಂತಿದ್ಲು," ಎಂದ.

ಹುಲುಗಮ್ಮ ಬಾಯಿಗೆ ಸೆರಗಿಟ್ಟುಕೊಂಡಳು. ಅಳುತ್ತಿದ್ದಾಳೆಂದು ಗಂಡ ಅಂದುಕೊಂಡ, ಅವಳು ನಗುತ್ತಿದ್ದಳು.

"ನಿಂತು ಹತ್ತು ವರ್ಷ ಆತ್ರಿ ಅಮ್ಮಾರ. ಹೇಳಿದ್ರ ಎಳೇ ವಯಸ್ಸಿಗೇ ಮುದುಕಿ ಆದ್ಲು ಅಂತಿದ್ರು. ಮತ್ತ, ಹೊರಗ ಕುಂತಾಗಷ್ಟ ನನಗ ಬೀಸೂದು, ಕುಟ್ಟೂದು, ನೀರು ಹೊರೂದು ಇರೂದಿಲ್ಲ. ಅದನ್ನ ಯಾಕ ಬಿಡ್ಲಿ?"

ಡಾಕ್ಟರಮ್ಮನಿಗೂ ನಗು ಬಂತು. "ಇದು ಗಾಳಿಯಲ್ಲ, ನರದ ಕಾಯಿಲೆ. ಪಾರ್ಕಿನ್ಸನ್ ಅಂತಾರೆ. ಮುಟ್ಟು ನಿಂತಾಗ ಮೈಯೊಳಗಿನ ಒಂದು ರಸ ಬತ್ತುತ್ತೆ. ಅದು ಬೇಗ ಬತ್ತಿದರೆ ನರಗಳ ಕಾವಲು ಸಡಿಲ ಆಗುತ್ತೇನೋ ಅಂತ ನನ್ನ ಅನುಮಾನ. ಖಾತ್ರಿ ಯಾರಿಗೂ ಇಲ್ಲ, ಅದಕ್ಕೇ ಎಲ್ಲರನ್ನೂ ಕೇಳ್ತೀನಿ. ಹೆಂಗಸರು ಹೇಳೋದಿಲ್ಲ, ಗಂಡಸರು ಎತ್ತಿಗೆ ನೀರು ಕುಡಿಸೋಕೆ ಹೋಗ್ತಾರೆ."

ಔಷಧಕ್ಕೆ ನಡುಕ ಒಂದಿಷ್ಟು ತಗ್ಗುತ್ತದೆ, ಪೂರ್ತಿ ಹೋಗದು, ದಣಿವು ಮಾತ್ರ ಆಗಬಾರದು ಎಂದು ಹೇಳಿ ಕಳಿಸಿದರು.

ಹಳ್ಳ ದಾಟಿದ ಮೇಲೆ ಗಾದಿಲಿಂಗಪ್ಪ ಬಾಯಿಬಿಟ್ಟ. "ಇಷ್ಟು ವರ್ಷ ನನಗೂ ಹೇಳ್ಲಿಲ್ಲಲ್ಲ?"

"ನೀನು ಕೇಳಿದ್ಯಾ?"

ಅವನು ಎತ್ತಿನ ಹಗ್ಗ ಜಗ್ಗಿದ.

ಮನೆಯಲ್ಲಿ ಗುರುಬಸಮ್ಮ ಬೀಸುವ ಕಲ್ಲಿನ ಮುಂದೆ ಕೂತಿದ್ದಳು. ಮಗ ನಿಂತಲ್ಲೇ ಹೇಳಿಬಿಟ್ಟ: "ಗಾಳಿ ಅಲ್ಲ ಯವ್ವಾ, ನರದ ರೋಗ. ಆಕಿಗೆ ಮುಟ್ಟು ನಿಂತು ಹತ್ತು ವರ್ಷ ಆಗೈತಿ. ಇನ್ನ ದಣಿವಾದಾಗ ಒಳಗ ಕುಂದರ್ತಾಳ, ಹೊರಗಲ್ಲ."

ಕಲ್ಲು ನಿಂತಿತು. ಮುದುಕಿ ಸೊಸೆಯನ್ನು ಮೇಲಿಂದ ಕೆಳಗಿನ ತನಕ ನೋಡಿದಳು.

"ಹತ್ತು ವರ್ಷ! ನನ್ನ ಕೈಲಿ ಈ ಆಟ ಎರಡ ವರ್ಷ ನಡೀತು ನೋಡು. ನಮ್ಮತ್ತಿ ಕಣ್ಣು ಭಾರಿ ಚುರುಕಿದ್ವು."

ಹುಲುಗಮ್ಮ ನಕ್ಕಳು. ಗುರುಬಸಮ್ಮನೂ ನಕ್ಕಳು. ಆಮೇಲೆ ಮಗನತ್ತ ತಿರುಗಿದಳು. "ಏನು ನೋಡ್ತಿ? ಬಾ, ಈ ಗೂಟ ಹಿಡಿ. ಒಬ್ಬಾಕಿ ಕೈಲಿ ಇಷ್ಟು ಜೋಳ ಮುಗಿಯೂದಿಲ್ಲ."

ಗಾದಿಲಿಂಗಪ್ಪ ರುಮಾಲು ಬಿಚ್ಚಿಟ್ಟು ತಾಯಿಯ ಎದುರು ಕೂತ. ಗೋಡೆಗೊರಗಿ ಕಾಲು ಚಾಚಿಕೊಂಡ ಹುಲುಗಮ್ಮ, "ಆ ಕಡೆ ಅಲ್ಲ, ಈ ಕಡೆ ತಿರುಗಿಸು," ಎಂದಳು.